ಮಹಾವೀರಾಚಾರ್ಯರು ಕಟ್ಟಿದ ಅಂಕಿಗಳ ಹಾರ

ಮಕ್ಕಳೇ, ನಿಮ್ಮ ಲೆಕ್ಕದ ಪುಸ್ತಕವನ್ನೂ ಒಂದು ಪೆನ್ಸಿಲನ್ನೂ ತೆಗೆದುಕೊಂಡು ಬನ್ನಿ. ಚೌಕುಳಿ ಗೆರೆಯ ಪುಸ್ತಕವಾದರೆ ಇನ್ನೂ ಒಳ್ಳೆಯದು. ಈ ದಿನ ಒಂದೇ ಒಂದು ಸಂಖ್ಯೆಯನ್ನು ಮುಂದಿಟ್ಟುಕೊಂಡು ಕೂರೋಣ. ಪರೀಕ್ಷೆಯೂ ಇಲ್ಲ, ಅವಸರವೂ ಇಲ್ಲ. ಒಂದು ಹೊಸ ಊರಿಗೆ ಹೋದಾಗ ಬೀದಿ ಬೀದಿ ನೋಡುತ್ತೇವಲ್ಲ, ಹಾಗೆ ಈ ಸಂಖ್ಯೆಯನ್ನು ಸುತ್ತಿ ನೋಡೋಣ. ಪುಟದ ನಡುವೆ ಇದನ್ನು ದೊಡ್ಡದಾಗಿ ಬರೆದುಕೊಳ್ಳಿ:

12345654321

ಬರೆದಾಯಿತೇ? ಈಗ ಎಡಗಡೆಯಿಂದ ಒಂದೊಂದೇ ಅಂಕಿ ಓದಿ. ಒಂದು, ಎರಡು, ಮೂರು ಎಂದು ಆರರ ತನಕ ಏರುತ್ತದೆ. ಆಮೇಲೆ ಐದು, ನಾಲ್ಕು, ಮೂರು ಎಂದು ಇಳಿಯುತ್ತಾ ಒಂದಕ್ಕೆ ಬಂದು ನಿಲ್ಲುತ್ತದೆ. ಈಗ ಬಲಗಡೆಯಿಂದ ಓದಿ. ಅದೇ ಏರಿಕೆ, ಅದೇ ಇಳಿಕೆ! ವಿಕಟಕವಿ ಎನ್ನುವುದನ್ನು ಹಿಂದುಮುಂದಾಗಿ ಓದಿದರೂ ವಿಕಟಕವಿಯೇ ಆಗುತ್ತದಲ್ಲವೇ? ಈ ಸಂಖ್ಯೆಯದೂ ಅದೇ ಗುಣ.

ನೋಡುವುದಕ್ಕೆ ಚಂದ, ಸರಿ. ಆದರೆ ಇದನ್ನು ಬಾಯಲ್ಲಿ ಹೇಳುವುದು ಹೇಗೆ? ಬಲಗಡೆಯ ಕೊನೆಯ ಅಂಕಿಯಿಂದ ಶುರು ಮಾಡಿ, ಒಂದೊಂದರ ಸ್ಥಾನವನ್ನೂ ಬೆರಳಿಟ್ಟು ಹೇಳುತ್ತಾ ಹೋಗಿ. ಬಿಡಿ, ಹತ್ತು, ನೂರು, ಸಾವಿರ, ಹತ್ತು ಸಾವಿರ, ಲಕ್ಷ, ಹತ್ತು ಲಕ್ಷ, ಕೋಟಿ, ಹತ್ತು ಕೋಟಿ, ನೂರು ಕೋಟಿ, ಸಾವಿರ ಕೋಟಿ. ಹನ್ನೊಂದು ಅಂಕಿ, ಹನ್ನೊಂದು ಸ್ಥಾನ. ಎಲ್ಲವನ್ನೂ ಸೇರಿಸಿ ಹೇಳಿದರೆ ಒಂದು ಸಾವಿರದ ಇನ್ನೂರ ಮೂವತ್ತನಾಲ್ಕು ಕೋಟಿ, ಐವತ್ತಾರು ಲಕ್ಷ, ಐವತ್ತನಾಲ್ಕು ಸಾವಿರದ ಮುನ್ನೂರ ಇಪ್ಪತ್ತೊಂದು. ಉಸಿರು ಬಿಗಿಹಿಡಿದು ಒಂದು ಸಲ ಹೇಳಿ ನೋಡಿ!

ಇದು ಎಷ್ಟು ದೊಡ್ಡದು ಅಂತ ಮನಸ್ಸಿಗೆ ತಂದುಕೊಳ್ಳೋಣ. ಒಂದು, ಎರಡು, ಮೂರು ಎಂದು ಸೆಕೆಂಡಿಗೊಂದರಂತೆ ಎಣಿಸಲು ಕೂತಿದ್ದೀರಿ ಎಂದುಕೊಳ್ಳಿ. ಊಟವಿಲ್ಲ, ನಿದ್ದೆಯಿಲ್ಲ, ಹಗಲೂ ರಾತ್ರಿಯೂ ಎಣಿಕೆಯೇ. ಆದರೂ ಈ ಸಂಖ್ಯೆ ಮುಟ್ಟುವ ಹೊತ್ತಿಗೆ ಸುಮಾರು 391 ವರ್ಷಗಳು ಕಳೆದಿರುತ್ತವೆ. ನಿಮ್ಮ ಮೊಮ್ಮಕ್ಕಳು, ಅವರ ಮೊಮ್ಮಕ್ಕಳು, ಅವರಿಗೂ ಮುಂದಿನವರು ಬಂದು ಎಣಿಕೆ ಮುಂದುವರಿಸಬೇಕು.

ಇನ್ನೊಂದು ರೀತಿಯಲ್ಲಿ ನೋಡೋಣ. 2022ರ ನವೆಂಬರಿನಲ್ಲಿ ಭೂಮಿಯ ಮೇಲಿನ ಜನಸಂಖ್ಯೆ 800 ಕೋಟಿ ಮುಟ್ಟಿತು ಎಂದು ವಿಶ್ವಸಂಸ್ಥೆ ಹೇಳಿತು. ನಮ್ಮ ಸಂಖ್ಯೆಯಷ್ಟು ಕಡಲೆಕಾಳು ನಿಮ್ಮ ಹತ್ತಿರ ಇದ್ದು, ಆ 800 ಕೋಟಿ ಜನರಿಗೂ ತಲೆಗೊಂದರಂತೆ ಹಂಚಿದರೂ ಇನ್ನೂ 400 ಕೋಟಿಗಿಂತ ಹೆಚ್ಚು ಕಾಳು ಉಳಿಯುತ್ತದೆ.

ಇಷ್ಟು ದೊಡ್ಡ ಸಂಖ್ಯೆಯನ್ನು ಮಕ್ಕಳ ಮುಂದೆ ಇಡಬಹುದೇ ಎಂದು ಯಾರಾದರೂ ಕೇಳಬಹುದು. ಇಡಬಹುದು. ಏಕೆಂದರೆ ಸಾವಿರಕ್ಕೂ ಹೆಚ್ಚು ವರ್ಷಗಳ ಹಿಂದೆಯೇ ಕನ್ನಡ ನಾಡಿನ ಒಬ್ಬ ಗುರು ಇದನ್ನು ಕಲಿಯುವವರ ಮುಂದೆ ಇಟ್ಟಿದ್ದರು. ಅವರ ಹೆಸರು ಮಹಾವೀರಾಚಾರ್ಯ.

ಅದು ರಾಷ್ಟ್ರಕೂಟರ ಕಾಲ. ಅಮೋಘವರ್ಷ ನೃಪತುಂಗ ಆಳುತ್ತಿದ್ದ. ಅವನ ಹೆಸರು ನಿಮ್ಮ ಸಮಾಜ ವಿಜ್ಞಾನದ ಪಾಠದಲ್ಲಿ ಬಂದಿರುತ್ತದೆ. ಅವನ ರಾಜಧಾನಿ ಮಾನ್ಯಖೇಟ, ಅಂದರೆ ಇಂದಿನ ಕಲಬುರಗಿ ಜಿಲ್ಲೆಯ ಮಳಖೇಡ. ನಮಗೆ ಸಿಕ್ಕಿರುವ ಕನ್ನಡದ ಅತಿ ಹಳೆಯ ಗ್ರಂಥ ಕವಿರಾಜಮಾರ್ಗ ಹುಟ್ಟಿದ್ದು ಅವನ ಆಸ್ಥಾನದಲ್ಲೇ. ಅವನ ಕಾಲದಲ್ಲಿ, ಸುಮಾರು 850ರ ಹೊತ್ತಿಗೆ, ಮಹಾವೀರಾಚಾರ್ಯರು ಸಂಸ್ಕೃತದಲ್ಲಿ ಗಣಿತಸಾರಸಂಗ್ರಹ ಎಂಬ ಪುಸ್ತಕ ಬರೆದರು. ಇಡೀ ಪುಸ್ತಕ ಗಣಿತವೇ. ಆದರೆ ಎಲ್ಲವೂ ಪದ್ಯದಲ್ಲಿದೆ.

ಆ ಪುಸ್ತಕದ ಲೆಕ್ಕಗಳು ಒಣ ಲೆಕ್ಕಗಳಲ್ಲ. ಒಂದನ್ನು ಕೇಳಿ. ಒಂದು ರಾಶಿ ಮಾವಿನಹಣ್ಣು ಇದೆ. ಅದರಲ್ಲಿ ಆರನೇ ಒಂದು ಭಾಗ ರಾಜನಿಗೆ. ಉಳಿದುದರಲ್ಲಿ ಐದನೇ ಒಂದು ಭಾಗ ರಾಣಿಗೆ. ಹಾಗೆ ಉಳಿಯುತ್ತಾ ಹೋದುದರಲ್ಲಿ ನಾಲ್ಕನೇ ಒಂದು, ಮೂರನೇ ಒಂದು, ಆಮೇಲೆ ಅರ್ಧ, ಮೂವರು ರಾಜಕುಮಾರರಿಗೆ. ಕೊನೆಗೆ ಉಳಿದ ಮೂರು ಹಣ್ಣು ಎಲ್ಲರಿಗಿಂತ ಚಿಕ್ಕ ಮಗುವಿಗೆ. ಹಾಗಾದರೆ ಮೊದಲು ಎಷ್ಟು ಹಣ್ಣಿದ್ದವು? ಉತ್ತರ 18. ಕೊನೆಯಿಂದ ಹಿಂದಕ್ಕೆ ಬಿಡಿಸುತ್ತಾ ಬನ್ನಿ. ರಾಜನಿಗೂ ಮೂರೇ, ಮಗುವಿಗೂ ಮೂರೇ ಎಂದು ತಿಳಿದಾಗ ನಿಮಗೆ ಎಷ್ಟು ಸಂತೋಷವಾಗುತ್ತದೆ ನೋಡಿ!

ಮಹಾವೀರಾಚಾರ್ಯರಿಗೆ ದೊಡ್ಡ ಸಂಖ್ಯೆಗಳೆಂದರೆ ಬಹಳ ಇಷ್ಟ. ಅವರು ಸ್ಥಾನಗಳಿಗೆ ಒಂದಲ್ಲ ಎರಡಲ್ಲ, 24 ಹೆಸರುಗಳನ್ನು ಕೊಟ್ಟಿದ್ದಾರೆ. ಏಕ, ದಶ, ಶತ, ಸಹಸ್ರ ಎಂದು ಶುರುವಾಗಿ ಮಹಾಕ್ಷೋಭದ ತನಕ ಹೋಗುತ್ತದೆ ಆ ಪಟ್ಟಿ. ಪ್ರತಿ ಸ್ಥಾನವೂ ಅದರ ಹಿಂದಿನದಕ್ಕಿಂತ ಹತ್ತರಷ್ಟು ದೊಡ್ಡದು. ನಾವು ಸಾವಿರ ಕೋಟಿ ಎಂದ ಹನ್ನೊಂದನೆಯ ಸ್ಥಾನಕ್ಕೆ ಅವರ ಪಟ್ಟಿಯಲ್ಲಿ ಅರ್ಬುದ ಎಂದು ಹೆಸರು. ನಮ್ಮ ಸಂಖ್ಯೆಯ ಎಡತುದಿಯ 1 ಕೂತಿರುವುದು ಆ ಅರ್ಬುದದ ಸ್ಥಾನದಲ್ಲಿ.

ಗುಣಾಕಾರ ಕಲಿಸುವಾಗ ಅವರು ಒಂದು ಸೊಗಸಾದ ಕೆಲಸ ಮಾಡಿದರು. ನೋಡಲು ಸಾಧಾರಣವಾದ ಎರಡು ಸಂಖ್ಯೆಗಳನ್ನು ಕೊಟ್ಟು ಗುಣಿಸಲು ಹೇಳಿದರು. ಗುಣಿಸಿ ಮುಗಿಸಿದವರಿಗೆ ಉತ್ತರದಲ್ಲಿ ಒಂದು ಹಾರ ಸಿಗುತ್ತಿತ್ತು! ಹಾರವೆಂದರೆ ಎರಡೂ ಬದಿ ಸಮವಾಗಿ, ಮಣಿಗಳು ಒಂದು ಕ್ರಮದಲ್ಲಿ ಪೋಣಿಸಿದಂತೆ ಕಾಣುವ ಸಂಖ್ಯೆ. ಇಂಥ ಉತ್ತರಗಳನ್ನು ಅವರು ಕೊರಳಿಗೆ ಹಾಕುವ ಆಭರಣ ಎಂದೇ ಕರೆದರು. 12345654321 ಅಂಥ ಹಾರಗಳಲ್ಲಿ ಒಂದು.

ಈ ಹಾರಕ್ಕೆ ಅವರು ಕೊಟ್ಟ ಎರಡು ಸಂಖ್ಯೆಗಳು 27994681 ಮತ್ತು 441. ಇವುಗಳನ್ನು ನೋಡಿದರೆ ಒಳಗೆ ಹಾರ ಇದೆ ಎಂದು ಯಾರಿಗಾದರೂ ಅನಿಸೀತೇ? ಗುಣಿಸಿ ನೋಡೋಣ. 441ನ್ನು 400, 40 ಮತ್ತು 1 ಎಂದು ಬಿಡಿಸಿಕೊಂಡರೆ ಕೆಲಸ ಸುಲಭ. ಮೊದಲ ಸಂಖ್ಯೆಯನ್ನು 400ರಿಂದ ಗುಣಿಸಿದರೆ 11197872400. 40ರಿಂದ ಗುಣಿಸಿದರೆ 1119787240. 1ರಿಂದ ಗುಣಿಸಿದರೆ 27994681. ಮೂರನ್ನೂ ಒಂದರ ಕೆಳಗೊಂದು ಬರೆದು ಕೂಡಿ. ನಿಮ್ಮ ಪೆನ್ಸಿಲಿನ ತುದಿಯಿಂದ 12345654321 ಇಳಿದು ಬರುತ್ತದೆ.

ಇದನ್ನು ಮಾಡಿದ ಮೇಲೆ ಒಂದು ಪ್ರಶ್ನೆ ಏಳಲೇಬೇಕು. ಹೀಗೇಕೆ ಆಯಿತು? ಚಂದದ ಹಿಂದೆ ಏನೋ ಕಾರಣ ಇರಲೇಬೇಕಲ್ಲ! ಬನ್ನಿ, ಕಾರಣ ಹುಡುಕೋಣ. ದೊಡ್ಡದು ಅರ್ಥವಾಗದಿದ್ದರೆ ಅದರ ಚಿಕ್ಕ ತಮ್ಮಂದಿರನ್ನು ಕೇಳಬೇಕು. ಗಣಿತದಲ್ಲಿ ಇದು ಬಹಳ ಒಳ್ಳೆಯ ಅಭ್ಯಾಸ.

ಎಲ್ಲಕ್ಕಿಂತ ಚಿಕ್ಕ ತಮ್ಮ 11. ಹನ್ನೊಂದನ್ನು ಹನ್ನೊಂದರಿಂದ ಗುಣಿಸಿ. 121. ಒಂದು, ಎರಡು, ಒಂದು. ಪುಟಾಣಿ ಹಾರ! ಈಗ 111ನ್ನು 111ರಿಂದ ಗುಣಿಸಿ. 12321. ಇನ್ನೊಂದು ಒಂದನ್ನು ಸೇರಿಸಿ, 1111ನ್ನು ಅದರಿಂದಲೇ ಗುಣಿಸಿದರೆ 1234321. ಐದು ಒಂದುಗಳಾದರೆ 123454321. ಆರು ಒಂದುಗಳು, ಅಂದರೆ 111111ನ್ನು 111111ರಿಂದ ಗುಣಿಸಿದರೆ ನಮ್ಮ 12345654321. ಒಂದು ಸಂಖ್ಯೆಯನ್ನು ಅದರಿಂದಲೇ ಗುಣಿಸಿದಾಗ ಬರುವುದಕ್ಕೆ ವರ್ಗ ಎನ್ನುತ್ತಾರೆ. ನಮ್ಮ ಹಾರ 111111ರ ವರ್ಗ.

ಇದು ಹೇಗೆ ಎಂದು ಕಣ್ಣಾರೆ ಕಾಣಬೇಕಾದರೆ 111ರ ಗುಣಾಕಾರವನ್ನು ನಿಧಾನವಾಗಿ ಮಾಡಬೇಕು. 111ರಿಂದ ಗುಣಿಸುವುದು ಎಂದರೇನು? ನೂರು ಸಲ, ಹತ್ತು ಸಲ ಮತ್ತು ಒಂದು ಸಲ ತೆಗೆದುಕೊಂಡು ಕೂಡುವುದು. ಹಾಗಾಗಿ ಮೂರು ಸಾಲು ಬರುತ್ತದೆ. ಚೌಕುಳಿ ಪುಸ್ತಕದಲ್ಲಿ ಒಂದು ಮನೆಗೆ ಒಂದೇ ಅಂಕಿಯಂತೆ, ಬಲಗಡೆಯ ಅಂಚನ್ನು ಸರಿಯಾಗಿ ಜೋಡಿಸಿ, ಒಂದರ ಕೆಳಗೊಂದು ಬರೆಯಿರಿ. ಮೊದಲ ಸಾಲು 111. ಎರಡನೆಯದು 1110. ಮೂರನೆಯದು 11100.

ಈಗ ಮೇಲಿಂದ ಕೆಳಕ್ಕೆ ನೋಡಿ. ಬಿಡಿಯ ಮನೆಗಳಲ್ಲಿ ಒಂದೇ ಒಂದು 1 ಇದೆ. ಹತ್ತರ ಮನೆಗಳಲ್ಲಿ ಎರಡು. ನೂರರ ಮನೆಗಳಲ್ಲಿ ಮೂರು. ಸಾವಿರದ ಮನೆಗಳಲ್ಲಿ ಮತ್ತೆ ಎರಡು. ಹತ್ತು ಸಾವಿರದ ಮನೆಯಲ್ಲಿ ಒಂದು. ಕೂಡಿದರೆ 12321! ಪ್ರತಿ ಸಾಲೂ ಮೇಲಿನ ಸಾಲಿಗಿಂತ ಒಂದೊಂದು ಮನೆ ಎಡಕ್ಕೆ ಸರಿದು ಕೂತಿದೆ. ಅದಕ್ಕೇ ನಡುವೆ ಒಂದುಗಳು ಹೆಚ್ಚು, ಎರಡು ತುದಿಗಳಲ್ಲಿ ಕಡಿಮೆ. ಹಾರದ ಗುಟ್ಟು ಇಷ್ಟೇ.

ಆರು ಒಂದುಗಳ ಲೆಕ್ಕವನ್ನೂ ಹಾಗೆಯೇ ಬರೆಯಿರಿ. ಆರು ಸಾಲು ಬರುತ್ತದೆ. ಮೊದಲ ಸಾಲು ಆರು ಮನೆ ತುಂಬುತ್ತದೆ. ಮುಂದಿನ ಐದು ಸಾಲುಗಳು ಒಂದೊಂದು ಮನೆಯಂತೆ ಎಡಕ್ಕೆ ಚಾಚುತ್ತವೆ. ಆರಕ್ಕೆ ಐದು ಸೇರಿದರೆ ಹನ್ನೊಂದು. ನಮ್ಮ ಸಂಖ್ಯೆಗೆ ಹನ್ನೊಂದು ಅಂಕಿಗಳು ಏಕೆ ಎನ್ನುವುದೂ ಇಲ್ಲೇ ತಿಳಿಯಿತು. ಆರೂ ಸಾಲುಗಳ ಒಂದುಗಳು ಒಟ್ಟಿಗೆ ಸೇರುವ ಮನೆ ಒಂದೇ, ಲಕ್ಷದ ಮನೆ. ಅದಕ್ಕೇ ಅಲ್ಲಿ 6 ಇದೆ.

ಇಲ್ಲೇ ಇನ್ನೊಂದು ಸೊಗಸು ಇದೆ, ತಪ್ಪಿಸಿಕೊಳ್ಳಬೇಡಿ. ಹಾರದ ಅಂಕಿಗಳನ್ನೆಲ್ಲ ಕೂಡಿ. 1, 2, 3, 4, 5, 6, 5, 4, 3, 2, 1. ಎಷ್ಟಾಯಿತು? 36. ಅದು ಆರಾರಲಿ ಮೂವತ್ತಾರು! ಆಕಸ್ಮಿಕವೇ? ಅಲ್ಲ. ನಾವು ಬರೆದದ್ದು ಆರು ಸಾಲು, ಒಂದೊಂದು ಸಾಲಿನಲ್ಲೂ ಆರು ಒಂದುಗಳು, ಒಟ್ಟು 36 ಒಂದುಗಳು. ಕೂಡಿದಾಗ ಯಾವ ಮನೆಯ ಮೊತ್ತವೂ ಹತ್ತು ಮುಟ್ಟಲಿಲ್ಲ. ಒಂದೂ ಕಳೆದುಹೋಗಲಿಲ್ಲ. ಆ 36 ಒಂದುಗಳೇ ಹನ್ನೊಂದು ಗುಂಪುಗಳಾಗಿ ಹಾರದಲ್ಲಿ ಕೂತಿವೆ.

ಅಂಕಿಗಳ ಮೊತ್ತ 36 ಎಂದ ಕೂಡಲೇ ಇನ್ನೊಂದು ವಿಷಯ ಹೇಳಬಹುದು. ಈ ಸಂಖ್ಯೆ 9ರಿಂದ ಶೇಷವಿಲ್ಲದೆ ಭಾಗವಾಗುತ್ತದೆ. ಭಾಗಿಸುವ ಮೊದಲೇ ಹೇಗೆ ಗೊತ್ತಾಯಿತು? 10ನ್ನು 9ರಿಂದ ಭಾಗಿಸಿ, ಶೇಷ 1. 100ನ್ನು ಭಾಗಿಸಿ, ಶೇಷ 1. ಸಾವಿರಕ್ಕೂ 1, ಲಕ್ಷಕ್ಕೂ 1, ಕೋಟಿಗೂ 1. ಹಾಗಾದರೆ ಲಕ್ಷದ ಮನೆಯ 6 ಉಳಿಸುವ ಶೇಷ ಆರು. ನೂರರ ಮನೆಯ 3 ಉಳಿಸುವ ಶೇಷ ಮೂರು. ಎಲ್ಲ ಶೇಷಗಳನ್ನೂ ಕೂಡಿದರೆ ಅಂಕಿಗಳ ಮೊತ್ತವೇ ಬರುತ್ತದೆ. ಆ 36 ಒಂಬತ್ತರ ಮಗ್ಗಿಯಲ್ಲಿದೆ. ಆದ್ದರಿಂದ ಏನೂ ಉಳಿಯುವುದಿಲ್ಲ. ಭಾಗಿಸಿ ನೋಡಿ, 1371739369 ಬರುತ್ತದೆ.

ಹಾರವನ್ನು ಇನ್ನೂ ಉದ್ದ ಮಾಡಬಹುದೇ? ಧಾರಾಳವಾಗಿ. ಒಂಬತ್ತು ಒಂದುಗಳ ವರ್ಗ 12345678987654321. ಹದಿನೇಳು ಅಂಕಿಗಳ ದೊಡ್ಡ ಹಾರ. ನಡುವೆ 9 ಕೂತಿದೆ. ಅಂಕಿಗಳ ಮೊತ್ತ ಎಷ್ಟಿರಬಹುದು? ಕೂಡುವ ಮೊದಲೇ ಹೇಳಿ. ಒಂಬತ್ತೊಂಬತ್ತಲಿ ಎಂಬತ್ತೊಂದು!

ಹತ್ತು ಒಂದುಗಳನ್ನು ತೆಗೆದುಕೊಂಡರೆ? ಈಗ ನಡುವಿನ ಮನೆಯಲ್ಲಿ ಹತ್ತು ಒಂದುಗಳು ಸೇರುತ್ತವೆ. ಒಂದು ಮನೆಯಲ್ಲಿ ಹತ್ತನ್ನು ಬರೆಯಲು ಆಗದು. ನೀವು ಶಾಲೆಯಲ್ಲಿ ಮಾಡುವಂತೆ 0 ಬರೆದು ದಶಕ 1ನ್ನು ಎಡಕ್ಕೆ ಒಯ್ಯಬೇಕು. ಎಡಗಡೆಯಲ್ಲಿ ಒಂಬತ್ತು ಇದೆ, ಅದಕ್ಕೆ ಒಂದು ಸೇರಿ ಮತ್ತೆ ಹತ್ತು. ಮತ್ತೆ 0, ಮತ್ತೆ ದಶಕ 1. ಅದರ ಎಡಗಡೆಯ ಎಂಟಕ್ಕೆ ಒಂದು ಸೇರಿ 9. ಉತ್ತರ 1234567900987654321. ಎಡಭಾಗದ 8 ಮಾಯವಾಯಿತು, ನಡುವೆ ಎರಡು ಸೊನ್ನೆ ಬಂದವು, ಎರಡು ಬದಿಯ ಸಾಟಿ ತಪ್ಪಿತು. ದಶಕವಿಲ್ಲದ ಕೂಡಿಕೆ ಇರುವ ತನಕ ಮಾತ್ರ ಈ ಹಾರ ಉಳಿಯುತ್ತದೆ.

ಈಗ ನಮ್ಮ ಸಂಖ್ಯೆಯ ಒಳಗೆ ಹೋಗೋಣ. ಹಲಸಿನ ಹಣ್ಣು ಹೊರಗಿನಿಂದ ಎಷ್ಟು ದೊಡ್ಡದು, ಎಷ್ಟು ಮುಳ್ಳು! ಬಿಡಿಸಲು ಬಲ್ಲವರ ಕೈಯಲ್ಲಿ ಅದು ಪುಟ್ಟ ಪುಟ್ಟ ತೊಳೆಗಳಾಗುತ್ತದೆ. ದೊಡ್ಡ ಸಂಖ್ಯೆಗಳನ್ನೂ ಹೀಗೆ ಬಿಡಿಸಬಹುದು. ಯಾವ ಚಿಕ್ಕ ಸಂಖ್ಯೆಗಳನ್ನು ಗುಣಿಸಿದರೆ ಇದು ಬಂತು ಎಂದು ಹುಡುಕುವುದೇ ಬಿಡಿಸುವ ಕೆಲಸ. ಆ ಚಿಕ್ಕವುಗಳಿಗೆ ಅಪವರ್ತನಗಳು ಎಂದು ಹೆಸರು.

ಬಿಡಿಸುವ ಮೊದಲು ಒಂದು ಆಟ ಆಡೋಣ. ನಿಮಗಿಷ್ಟವಾದ ಮೂರು ಅಂಕಿಯ ಒಂದು ಸಂಖ್ಯೆ ಬರೆಯಿರಿ. ನಾನು 258 ಬರೆಯುತ್ತೇನೆ. ಅದರ ಪಕ್ಕದಲ್ಲೇ ಅದನ್ನು ಇನ್ನೊಮ್ಮೆ ಬರೆಯಿರಿ. 258258 ಆಯಿತು. ಇದನ್ನು 7ರಿಂದ ಭಾಗಿಸಿ. 36894, ಶೇಷ ಇಲ್ಲ. ಅದನ್ನು 11ರಿಂದ ಭಾಗಿಸಿ. 3354, ಶೇಷ ಇಲ್ಲ. ಅದನ್ನು 13ರಿಂದ ಭಾಗಿಸಿ. 258! ಹೊರಟಲ್ಲಿಗೇ ಬಂದೆವು. ನೀವು ಯಾವ ಸಂಖ್ಯೆ ಬರೆದಿದ್ದರೂ ಹೀಗೇ ಆಗುತ್ತದೆ.

ಇದಕ್ಕೂ ಕಾರಣ ಇದೆ. 258ನ್ನು ಎರಡು ಸಲ ಬರೆದಾಗ ಎಡಗಡೆಯ 258 ಸಾವಿರದ ಸ್ಥಾನಕ್ಕೆ ಹೋಗಿ ಕೂತಿತು. ಅಂದರೆ ಸಾವಿರ ಸಲ 258, ಮತ್ತೆ ಒಂದು ಸಲ 258. ಒಟ್ಟು 1001 ಸಲ. ಆ 1001 ಬರುವುದು 7, 11, 13 ಇವುಗಳನ್ನು ಗುಣಿಸಿದಾಗ. ಏಳು ಹನ್ನೊಂದಲಿ 77. ಅದನ್ನು 13ರಿಂದ ಗುಣಿಸಿ, 1001. ನಾವು ಆ ಮೂರರಿಂದ ಭಾಗಿಸಿದಾಗ 1001 ಹೊರಟುಹೋಯಿತು, 258 ಉಳಿಯಿತು.

ಈಗ 111111ನ್ನು ನೋಡಿ. ಅದು ಏನು? 111ನ್ನು ಎರಡು ಸಲ ಬರೆದದ್ದು! ಹಾಗಾದರೆ ಅದರೊಳಗೂ 7, 11, 13 ಇವೆ. ಅವು ಹೋದರೆ ಉಳಿಯುವುದು 111. ಇದನ್ನು 3ರಿಂದ ಭಾಗಿಸಿದರೆ 37. ಅಲ್ಲಿಗೆ 111111 ಪೂರ್ತಿ ಬಿಡಿಸಿತು. 3, 7, 11, 13, 37, ಈ ಐದನ್ನು ಗುಣಿಸಿದರೆ 111111.

ಈ ಐದನ್ನು ಇನ್ನೂ ಬಿಡಿಸಬಹುದೇ? ಪ್ರಯತ್ನಿಸಿ. 37 ಯಾವ ಮಗ್ಗಿಯಲ್ಲಿ ಬರುತ್ತದೆ? ಒಂದರ ಮಗ್ಗಿಯನ್ನೂ ಅದರದೇ ಮಗ್ಗಿಯನ್ನೂ ಬಿಟ್ಟರೆ ಬೇರೆ ಯಾವುದರಲ್ಲೂ ಬರುವುದಿಲ್ಲ. ಉಳಿದ ನಾಲ್ಕೂ ಹಾಗೆಯೇ. ಇಂಥವುಗಳಿಗೆ ಅವಿಭಾಜ್ಯ ಸಂಖ್ಯೆಗಳು ಎನ್ನುತ್ತಾರೆ. ಇಲ್ಲಿಗೆ ಬಂದರೆ ಬಿಡಿಸುವುದು ಮುಗಿಯಿತು.

ನಮ್ಮ ಹಾರ 111111ರ ವರ್ಗ. ಅಂದಮೇಲೆ ಅದರಲ್ಲಿ ಈ ಐದೂ ಎರಡೆರಡು ಸಲ ಇರಬೇಕು. 3, 3, 7, 7, 11, 11, 13, 13, 37, 37. ಸಾವಿರದ ಇನ್ನೂರು ಕೋಟಿ ದಾಟಿದ ಆ ಸಂಖ್ಯೆಯ ಒಳಗೆ ಇರುವುದು ಇಷ್ಟೇ. ಹತ್ತು ಚಿಕ್ಕ ಸಂಖ್ಯೆಗಳು. ಅವುಗಳಲ್ಲಿ ಎಲ್ಲಕ್ಕಿಂತ ದೊಡ್ಡದು 37!

ಈಗ ಮಹಾವೀರಾಚಾರ್ಯರ ಎರಡು ಸಂಖ್ಯೆಗಳನ್ನು ಮತ್ತೆ ತೆಗೆಯೋಣ. ಗುಣಿಸುವಾಗ ಯಾವುದನ್ನು ಮೊದಲು, ಯಾವುದನ್ನು ಆಮೇಲೆ ತೆಗೆದುಕೊಂಡರೂ ಉತ್ತರ ಒಂದೇ. ಹಾಗಾಗಿ ಆ ಹತ್ತನ್ನು ನಮಗೆ ಬೇಕಾದಂತೆ ಎರಡು ಗುಂಪು ಮಾಡಬಹುದು. 3, 3, 7, 7 ಒಂದು ಕಡೆ ಇರಲಿ. ಗುಣಿಸಿದರೆ 441. ಉಳಿದ 11, 11, 13, 13, 37, 37 ಇನ್ನೊಂದು ಕಡೆ. ಗುಣಿಸಿದರೆ 27994681. ಮೊದಲ ನೋಟಕ್ಕೆ ಏನೂ ಹೇಳದೆ ಕೂತಿದ್ದ ಆ ಎರಡು ಸಂಖ್ಯೆಗಳು ಈಗ ತಮ್ಮ ಮನೆಯ ಬಾಗಿಲು ತೆರೆದವು!

ಗುಂಪು ಬದಲಿಸಿದರೆ ಇನ್ನೂ ಚಂದದ ಲೆಕ್ಕಗಳು ಸಿಗುತ್ತವೆ. 3, 3, 37, 37 ಒಂದು ಕಡೆ ಇಟ್ಟರೆ 12321. ಇನ್ನೊಂದು ಕಡೆ ಉಳಿದವುಗಳನ್ನು ಗುಣಿಸಿದರೆ 1002001. ಎರಡೂ ಹಾರಗಳೇ. ಗುಣಿಸಿದರೆ ಬರುವುದೂ ಹಾರವೇ, ನಮ್ಮ 12345654321. ಎರಡು ಹನ್ನೊಂದುಗಳನ್ನು ಮಾತ್ರ ಬೇರೆ ಇಟ್ಟರೆ 121. ಉಳಿದವು ಸೇರಿ 102030201. ಇವೂ ಎರಡು ಹಾರಗಳು. ಗುಣಿಸಿ ನೋಡುವ ಕೆಲಸ ನಿಮ್ಮದು.

ಈ ಸಂಖ್ಯೆಯನ್ನು ಶೇಷವಿಲ್ಲದೆ ಭಾಗಿಸುವ ಸಂಖ್ಯೆಗಳು ಒಟ್ಟು ಎಷ್ಟು? ಒಂದೊಂದನ್ನೇ ಹುಡುಕಬೇಕಾಗಿಲ್ಲ. ಚಿಕ್ಕದರಿಂದ ಶುರು ಮಾಡೋಣ. 441ರಲ್ಲಿ ಎರಡು 3, ಎರಡು 7 ಇವೆ. ಅದರ ಅಪವರ್ತನ ಕಟ್ಟಲು 3ನ್ನು ತೆಗೆದುಕೊಳ್ಳದೇ ಇರಬಹುದು, ಒಂದು ಸಲ ತೆಗೆದುಕೊಳ್ಳಬಹುದು, ಎರಡು ಸಲ ತೆಗೆದುಕೊಳ್ಳಬಹುದು. ಮೂರು ದಾರಿ. 7ಕ್ಕೂ ಮೂರು ದಾರಿ. ಮೂರು ಮೂರಲಿ ಒಂಬತ್ತು. ಅವು 1, 3, 7, 9, 21, 49, 63, 147, 441. ಎಣಿಸಿ, ಸರಿಯಾಗಿ ಒಂಬತ್ತೇ.

ನಮ್ಮ ಹಾರದಲ್ಲಿ ಐದು ಅವಿಭಾಜ್ಯಗಳು ಇವೆ, ಒಂದೊಂದಕ್ಕೂ ಮೂರು ದಾರಿ. 3ನ್ನು ಐದು ಸಲ ಗುಣಿಸಿದರೆ 243. ಹಾಗಾದರೆ 12345654321ಕ್ಕೆ ಸರಿಯಾಗಿ 243 ಅಪವರ್ತನಗಳು. ಇವುಗಳನ್ನು ಜೋಡಿ ಮಾಡಬಹುದು. 441ರ ಜೋಡಿ 27994681, 121ರ ಜೋಡಿ 102030201. ಹೀಗೆ 121 ಜೋಡಿಗಳಾದ ಮೇಲೆ ಒಂದು ಸಂಖ್ಯೆ ಒಂಟಿಯಾಗಿ ಉಳಿಯುತ್ತದೆ. ಯಾವುದು ಹೇಳಿ? 111111. ಅದರ ಜೋಡಿ ಅದೇ! ಯಾವ ವರ್ಗ ಸಂಖ್ಯೆಯನ್ನು ತೆಗೆದುಕೊಂಡರೂ ಅದರ ಅಪವರ್ತನಗಳ ಎಣಿಕೆ ಬೆಸವೇ ಆಗಿರುವುದು ಇದೇ ಕಾರಣಕ್ಕೆ.

ಮಹಾವೀರಾಚಾರ್ಯರು ಪುಸ್ತಕದಲ್ಲಿ ಬೇರೆ ಹಾರಗಳನ್ನೂ ಕಟ್ಟಿದ್ದಾರೆ. 139ನ್ನು 109ರಿಂದ ಗುಣಿಸಿ. 152207ನ್ನು 73ರಿಂದ ಗುಣಿಸಿ. 142857143ನ್ನು 7ರಿಂದ ಗುಣಿಸಿ. 12345679ನ್ನು 9ರಿಂದ ಗುಣಿಸಿ. ಈ ಕೊನೆಯದರಲ್ಲಿ 8 ಇಲ್ಲದಿರುವುದನ್ನು ಗಮನಿಸಿ, ಬರೆಯುವಾಗ ಅಭ್ಯಾಸದ ಮೇಲೆ ಸೇರಿಸಿಬಿಡಬೇಡಿ. ಉತ್ತರಗಳನ್ನು ನಾನು ಹೇಳುವುದಿಲ್ಲ. ಅವು ಬಂದಾಗ ನಿಮಗೇ ಗೊತ್ತಾಗುತ್ತದೆ.

ಅವರ ಪುಸ್ತಕ ಬಹಳ ದೂರ ಹೋಯಿತು. ಹನ್ನೊಂದನೆಯ ಶತಮಾನದಲ್ಲಿ ಪಾವುಲೂರಿ ಮಲ್ಲನ ಎಂಬ ಕವಿ ಅದನ್ನು ತೆಲುಗಿಗೆ ತಂದ. ಹನ್ನೆರಡನೆಯ ಶತಮಾನದಲ್ಲಿ ರಾಜಾದಿತ್ಯ ಕನ್ನಡದಲ್ಲೇ ವ್ಯವಹಾರಗಣಿತ ಎಂಬ ಗಣಿತದ ಪುಸ್ತಕ ಬರೆದ. 1912ರಲ್ಲಿ ಎಂ. ರಂಗಾಚಾರ್ಯರು ಗಣಿತಸಾರಸಂಗ್ರಹವನ್ನು ಇಂಗ್ಲಿಷ್ ಅನುವಾದದೊಡನೆ ಮದ್ರಾಸಿನಿಂದ ಹೊರತಂದರು. ಪದ್ಮಾವತಮ್ಮನವರ ಕನ್ನಡ ಅನುವಾದ 2000ದಲ್ಲಿ ಹೊಂಬುಜದಿಂದ ಪ್ರಕಟವಾಯಿತು. ನಿಮ್ಮ ಊರಿನ ಗ್ರಂಥಾಲಯದಲ್ಲಿ ಕೇಳಿ ನೋಡಿ. ಸಿಕ್ಕರೆ ಮಾವಿನಹಣ್ಣಿನ ಲೆಕ್ಕವನ್ನೂ ಹಾರಗಳನ್ನೂ ನೀವೇ ಹುಡುಕಬಹುದು.

ಮಕ್ಕಳೇ, ನಾವು ಇಷ್ಟು ಹೊತ್ತು ಮಾಡಿದ್ದನ್ನು ಒಮ್ಮೆ ನೆನಪಿಸಿಕೊಳ್ಳಿ. ಕೂಡುವುದು, ಗುಣಿಸುವುದು, ಭಾಗಿಸುವುದು. ನಿಮಗೆ ಗೊತ್ತಿಲ್ಲದ ಯಾವುದನ್ನೂ ನಾವು ಬಳಸಲಿಲ್ಲ. ಆದರೂ ಸಾವಿರ ಕೋಟಿ ಮೀರಿದ ಒಂದು ಸಂಖ್ಯೆಯ ಒಳಹೊರಗೆಲ್ಲ ನೋಡಿ ಬಂದೆವು. ಸಂಖ್ಯೆ ದೊಡ್ಡದು ಎಂದು ಎಂದಿಗೂ ಹೆದರಬೇಡಿ. ಅದು ಹೇಗೆ ಕಟ್ಟಿಕೊಂಡಿದೆ ಎಂದು ಕೇಳಿ.

ಇನ್ನು ನಿಮ್ಮದೇ ಒಂದು ಹಾರ ಕಟ್ಟಿ. 11111ನ್ನು 41ರಿಂದ ಭಾಗಿಸಿದರೆ ಶೇಷವಿಲ್ಲದೆ ಒಂದು ಸಂಖ್ಯೆ ಬರುತ್ತದೆ, ಅದನ್ನು ಕಂಡುಹಿಡಿಯಿರಿ. ಆಮೇಲೆ 41ರ ವರ್ಗವನ್ನೂ ಆ ಸಂಖ್ಯೆಯ ವರ್ಗವನ್ನೂ ಬೇರೆ ಬೇರೆ ಮಾಡಿಕೊಳ್ಳಿ. ಆ ಎರಡು ವರ್ಗಗಳನ್ನು ಒಂದು ಚೀಟಿಯಲ್ಲಿ ಬರೆದು ನಿಮ್ಮ ಗೆಳೆಯರಿಗೋ, ತಂಗಿಗೋ, ಲೆಕ್ಕದ ಮೇಷ್ಟ್ರಿಗೋ ಕೊಟ್ಟು ಗುಣಿಸಲು ಹೇಳಿ. ಉತ್ತರ ಬಂದಾಗ ಹೀಗೇಕೆ ಎಂದು ಅವರು ಕೇಳುತ್ತಾರೆ. ಆಗ ಚೌಕುಳಿ ಪುಸ್ತಕ ತೆರೆದು, ಐದು ಸಾಲು ಬರೆದು, ಕಾರಣವನ್ನು ನೀವೇ ಅವರಿಗೆ ವಿವರಿಸಿ.